ಉದ್ದಕಾಲಿನ ಜೇಡಕ್ಕೆ ಹೊರಿಸಿದ ವಿಷ

ಹಂಚಿನ ಮಾಡಿನ ಪಕ್ಕಾಸು ರೀಪುಗಳ ಸಂದು, ಬಚ್ಚಲೊಲೆಯ ಹಿಂಬದಿ, ಸೌದೆ ಪೇರಿಸಿಟ್ಟ ಕೊಟ್ಟಿಗೆ, ದೇವಸ್ಥಾನದ ಹೊರಪೌಳಿಯ ಮೂಲೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇಂಥ ಜಾಗಗಳಲ್ಲಿ ಒಂದು ಜೇಡ ತಲೆಕೆಳಗಾಗಿ ತೂಗಿಕೊಂಡಿರುತ್ತದೆ. ಅರ್ಧ ಇಂಚಿಗೂ ಕಡಿಮೆ ಮೈ, ಅದರ ಐದಾರು ಪಟ್ಟು ಉದ್ದದ ಸಪುರ ಕಾಲುಗಳು. ಬಲೆ ಮುಟ್ಟಿದರೆ ಓಡುವುದಕ್ಕಿಂತ ಹೆಚ್ಚಾಗಿ ಇದ್ದಲ್ಲೇ ಗರಗರ ಸುತ್ತತೊಡಗುತ್ತದೆ, ಕಣ್ಣಿಗೆ ಆಕಾರವೇ ಸಿಗದಷ್ಟು ವೇಗವಾಗಿ. ಇಂಗ್ಲಿಷಿನಲ್ಲಿ ಡ್ಯಾಡಿ ಲಾಂಗ್‌ಲೆಗ್ಸ್ ಎಂದು ಕರೆಸಿಕೊಳ್ಳುವ ಪ್ರಾಣಿಗಳಲ್ಲಿ ಇದೂ ಒಂದು. ಇದರ ಬಗ್ಗೆ ಲೋಕವೆಲ್ಲ ಹಬ್ಬಿದ ಒಂದು ಮಾತಿದೆ, ಈಗ ಮೊಬೈಲಿನ ದಾರಿಯಿಂದ ನಮ್ಮ ಮಕ್ಕಳ ಬಾಯಿಗೂ ಬಂದಿದೆ: ಜಗತ್ತಿನಲ್ಲೇ ಅತಿ ಘೋರ ವಿಷದ ಜೇಡ ಇದು, ಆದರೆ ಇದರ ಹಲ್ಲು ಗಿಡ್ಡ, ಮನುಷ್ಯರ ಚರ್ಮಕ್ಕೆ ಇಳಿಯುವುದಿಲ್ಲ, ಹಾಗಾಗಿ ನಾವು ಬಚಾವು. ಈ ಮಾತು ಸುಳ್ಳು, ಸುಳ್ಳೆಂದು ತೋರಿಸುವುದು ಕಷ್ಟವೂ ಅಲ್ಲ. ನನ್ನನ್ನು ಕಾಡುವುದು ಅದರ ಮುಂದಿನ ಪ್ರಶ್ನೆ. ಒಂದು ಪ್ರಾಣಿಯ ಮೇಲೆ ಇಲ್ಲದ ವಿಷವನ್ನು ಹೊರಿಸುವುದು ಬರಿ ತಿಳಿವಳಿಕೆಯ ಕೊರತೆಯೋ, ಧರ್ಮದ ಲೆಕ್ಕದಲ್ಲೂ ಅದೊಂದು ತಪ್ಪೋ? ತಪ್ಪೇ ಎಂದು ನನ್ನ ವಾದ. ಅಹಿಂಸೆಯೆಂದರೆ ಮನಸ್ಸು ಮೆತ್ತಗಿರುವುದು ಎಂದುಕೊಂಡಿದ್ದೇವೆ. ಎದುರಿಗಿರುವುದನ್ನು ಸರಿಯಾಗಿ ನೋಡದವನಿಗೆ ಅಹಿಂಸೆ ಸಾಧ್ಯವೇ ಇಲ್ಲ; ಹಾಗೆ ನೋಡಬೇಕೆಂಬ ಶಿಸ್ತು ಈ ಮಣ್ಣಿನ ದರ್ಶನಗಳ ಒಳಗೇ ಇದೆ.

ಮೊದಲು ಯಾವ ಪ್ರಾಣಿಯ ಮಾತು ಎಂದು ಗೊತ್ತಾಗಬೇಕು, ಏಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿ. ಒಂದೇ ಇಂಗ್ಲಿಷ್ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಜೀವಿಗಳು ಸೇರಿಕೊಂಡಿವೆ. ಮನೆಯೊಳಗೆ ಬಲೆ ಕಟ್ಟುವುದು ಫಾಲ್ಸಿಡೇ ಎಂಬ ಕುಟುಂಬದ್ದು, ನಿಜವಾದ ಜೇಡ. ಭಾರತದ ಮನೆಗಳಲ್ಲಿ ಸಾಮಾನ್ಯವಾಗಿರುವ ಕ್ರಾಸೊಪ್ರೈಝಾ ಲಯೋನಿ ಇದೇ ಕುಟುಂಬದ್ದು, ಜಾನ್ ಬ್ಲ್ಯಾಕ್‌ವಾಲ್ 1867ರಲ್ಲಿ ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದ. ಸೊಳ್ಳೆಯನ್ನೂ ಹಿಡಿದು ತಿನ್ನುತ್ತದೆ. ಎರಡನೆಯದು ಮಳೆಗಾಲದಲ್ಲಿ ಘಟ್ಟದ ಬುಡದ ಕಾಡುಗಳಲ್ಲಿ, ಒದ್ದೆ ಕಲ್ಲಿನ ಪೊಟರೆಗಳಲ್ಲಿ, ಮರದ ಬೊಡ್ಡೆಗಳಲ್ಲಿ ಗುಂಪುಗಟ್ಟಿ ನಿಂತು ಎಲ್ಲವೂ ಒಟ್ಟಿಗೆ ಮೈ ಕುಣಿಸುವ ಪ್ರಾಣಿ. ಇದು ಜೇಡವೇ ಅಲ್ಲ, ಒಪಿಲಿಯೋನಿಸ್ ಎಂಬ ಬೇರೆಯೇ ಗಣ. ಜೇಡಕ್ಕೆ ಮೈ ಎರಡು ಭಾಗ, ಇದಕ್ಕೆ ಒಂದೇ ಗುಂಡು. ಜೇಡಕ್ಕೆ ಸಾಮಾನ್ಯವಾಗಿ ಎಂಟು ಕಣ್ಣು, ಇದಕ್ಕೆ ಬೆನ್ನಿನ ಮೇಲಿನ ಸಣ್ಣ ದಿಬ್ಬದಲ್ಲಿ ಎರಡೇ. ಇದಕ್ಕೆ ನೂಲಿಲ್ಲ, ವಿಷದ ಗ್ರಂಥಿಯೂ ಇಲ್ಲ. ಸತ್ತ ಹುಳ, ಅಣಬೆ, ಸಿಕ್ಕಿದ್ದನ್ನು ಚೂರು ಚೂರಾಗಿ ನುಂಗುತ್ತದೆ. ಹಿಡಿದರೆ ಒಂದು ಕಾಲನ್ನು ಕಳಚಿ ಬಿಟ್ಟು ಹೋಗುತ್ತದೆ, ಆ ಕಾಲು ಮತ್ತೆ ಚಿಗುರುವುದಿಲ್ಲ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಇದರ ಪಳೆಯುಳಿಕೆಗೆ ಸುಮಾರು 41 ಕೋಟಿ ವರ್ಷ, ಅಂದರೆ ಹೂ ಬಿಡುವ ಗಿಡವೇ ಹುಟ್ಟಿರದ ಕಾಲದ್ದು. ಮೂರನೆಯದು ಬ್ರಿಟನ್ನಿನಲ್ಲಿ ಇದೇ ಹೆಸರು ಪಡೆದ ರೆಕ್ಕೆಯ ನೊಣ, ಅದರ ಸುದ್ದಿ ಇಲ್ಲಿ ಬೇಡ. ವಿಷದ ಆರೋಪವನ್ನು ಜನ ಈ ಮೂರರಲ್ಲಿ ಯಾವುದರ ಮೇಲೆ ಬೇಕಾದರೂ ಹೊರಿಸುತ್ತಾರೆ, ವಿಷದ ಗ್ರಂಥಿಯೇ ಇಲ್ಲದ್ದರ ಮೇಲೂ.

ಮನೆಯ ಜೇಡಕ್ಕೆ ವಿಷ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಬಹುತೇಕ ಎಲ್ಲ ಜೇಡಗಳಿಗೂ ಇದೆ, ಹುಳುಗಳನ್ನು ಮಣಿಸಲು ಅದು ಬೇಕು. ಅದು ಮನುಷ್ಯನಿಗೆ ಘೋರವೇ ಎಂಬುದಷ್ಟೇ ಪ್ರಶ್ನೆ. ಇದು ಕಚ್ಚಿ ಮನುಷ್ಯನಿಗೆ ಗಂಭೀರ ತೊಂದರೆಯಾಯಿತು ಎಂಬ ದಾಖಲೆ ವೈದ್ಯಕೀಯ ಸಾಹಿತ್ಯದಲ್ಲಿ ಇಲ್ಲ. ಅಮೆರಿಕದ ಮಿತ್‌ಬಸ್ಟರ್ಸ್ ಎಂಬ ಟಿವಿ ಕಾರ್ಯಕ್ರಮದಲ್ಲಿ 2004ರಲ್ಲಿ ಆ್ಯಡಮ್ ಸ್ಯಾವೇಜ್ ತನ್ನ ಕೈಯನ್ನೇ ಇಂಥ ಜೇಡಗಳಿದ್ದ ಪೆಟ್ಟಿಗೆಗೆ ಇಳಿಸಿ ಕಚ್ಚಿಸಿಕೊಂಡ. ಕಾಲು ಮಿಲಿಮೀಟರ್ ಉದ್ದದ ಹಲ್ಲು ಚರ್ಮಕ್ಕೆ ಇಳಿಯಿತು, ಸ್ವಲ್ಪ ಹೊತ್ತು ಸಣ್ಣಗೆ ಉರಿಯಿತು, ಅಷ್ಟೇ. ಟಿವಿಯ ಪ್ರಯೋಗ ಶಾಸ್ತ್ರವಾಗದು ಎನ್ನುವವರಿಗೆ, ಗ್ರೆಟಾ ಬಿನ್‌ಫರ್ಡ್ ಮತ್ತು ಸಂಗಡಿಗರು 2019ರಲ್ಲಿ ಇದೇ ಕುಟುಂಬದ ಮೆಕ್ಸಿಕೋದ ಒಂದು ಪ್ರಭೇದದ ವಿಷವನ್ನು ಬಿಡಿಸಿ ನೋಡಿದ್ದಾರೆ. ಹುಳುಗಳ ಮೇಲೆ ಕೆಲಸ ಮಾಡುವ ವಿಷ ಅದು, ಸಸ್ತನಿಗಳ ಮೇಲೆ ತೀರ ದುರ್ಬಲ. ಗಿಡ್ಡ ಹಲ್ಲಿನ ನೆಪವೂ ನಿಲ್ಲುವುದಿಲ್ಲ. ಅಮೆರಿಕದ ಕಂದು ರೆಕ್ಲೂಸ್ ಜೇಡದ ಹಲ್ಲಿನ ರಚನೆಯೂ ಹೆಚ್ಚುಕಡಿಮೆ ಹೀಗೇ ಇದ್ದು, ಅದು ಮನುಷ್ಯರನ್ನು ಕಚ್ಚಿ ಗಾಯ ಮಾಡುವುದು ಎಲ್ಲರಿಗೂ ಗೊತ್ತಿದೆ.

ಹಾಗಾದರೆ ಈ ಮಾತು ಹುಟ್ಟಿದ್ದು ಹೇಗೆ? ಒಂದು ಸಾಧ್ಯವಾದ ಉತ್ತರ ಈ ಜೇಡದ ಊಟದಲ್ಲಿದೆ. ಅದು ಬೇರೆ ಜೇಡಗಳನ್ನು ತಿನ್ನುತ್ತದೆ. ಕೆಲವು ಸಲ ಅವುಗಳ ಬಲೆಗೇ ಹೋಗಿ, ಹುಳು ಸಿಕ್ಕಿಕೊಂಡಂತೆ ಬಲೆಯನ್ನು ಅದುರಿಸಿ, ಓಡಿಬಂದ ಯಜಮಾನನನ್ನೇ ಹಿಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ ನಿಜಕ್ಕೂ ಅಪಾಯಕಾರಿಯಾದ ರೆಡ್‌ಬ್ಯಾಕ್ ಜೇಡವನ್ನೂ ಬಿಡುವುದಿಲ್ಲ. ಕಂಡವರು ಲೆಕ್ಕ ಹಾಕಿದರು: ಅಂಥ ವಿಷದ ಜೇಡವನ್ನು ಕೊಲ್ಲಬೇಕಾದರೆ ಇದರ ವಿಷ ಇನ್ನೂ ಘೋರವೇ ಇರಬೇಕು. ಇದು ಅನುಮಾನ ಪ್ರಮಾಣ, ಆದರೆ ಹೆಜ್ಜೆ ತಪ್ಪಿದ್ದು. ನಮ್ಮ ನೈಯಾಯಿಕರಿಗೆ ಇದನ್ನು ಕೊಟ್ಟಿದ್ದರೆ ಅರೆಕ್ಷಣದಲ್ಲಿ ಹೇತ್ವಾಭಾಸ, ಅಂದರೆ ಕಾರಣದಂತೆ ತೋರುವ ಹುಸಿ ಕಾರಣ, ಎಂದು ಬದಿಗಿಡುತ್ತಿದ್ದರು. ವಿಷಜಂತುವನ್ನು ಕೊಲ್ಲುವುದೆಲ್ಲ ಅದಕ್ಕಿಂತ ವಿಷವುಳ್ಳದ್ದು ಎಂಬ ವ್ಯಾಪ್ತಿ, ಅಂದರೆ ಸಾರ್ವತ್ರಿಕ ನಿಯಮ, ಮುಂಗುಸಿಯ ಎದುರು ಮುರಿದುಬೀಳುತ್ತದೆ. ಹಾವು ಹಿಡಿಯುವ ನವಿಲಿನ ಎದುರೂ ಮುರಿಯುತ್ತದೆ. ಮುಂಗುಸಿ ಗೆಲ್ಲುವುದು ಚುರುಕಿನಿಂದ, ಈ ಜೇಡ ಗೆಲ್ಲುವುದು ಕಾಲಿನ ಉದ್ದದಿಂದ. ದೂರ ನಿಂತು ಹಿಂಗಾಲಿನಿಂದ ನೂಲು ಎಸೆದೆಸೆದು ಎದುರಾಳಿಯನ್ನು ಸುತ್ತಿ, ಅದು ಅಲುಗಾಡದಂತೆ ಆದ ಮೇಲೆ ಹತ್ತಿರ ಬಂದು ಕಚ್ಚುತ್ತದೆ. ಅದರ ಬಲ ಇರುವುದು ನಮಗೆ ಎದ್ದು ಕಾಣುವ ಕಾಲಿನಲ್ಲೇ. ನಾವು ಕಾಣದ ಕಡೆ, ಹಲ್ಲಿನೊಳಗೆ, ಅದನ್ನು ಹುಡುಕಿದೆವು.

ಈ ಸುಳ್ಳಿನ ರಚನೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಧರ್ಮದ ಪ್ರಶ್ನೆ ಅಡಗಿರುವುದು ಅದರಲ್ಲೇ. ಘೋರ ವಿಷ ಇದೆ ಎಂಬುದು ಮೊದಲರ್ಧ. ಅದು ಎಂದೂ ಪ್ರಕಟವಾಗದು ಎಂಬುದು ಎರಡನೆಯ ಅರ್ಧ. ಎರಡನೆಯ ಅರ್ಧ ಇರುವುದೇ ಮೊದಲರ್ಧವನ್ನು ಯಾರೂ ಪರೀಕ್ಷಿಸದಂತೆ ಕಾಯುವುದಕ್ಕೆ. ಯಾರೂ ಸತ್ತಿಲ್ಲವಲ್ಲ ಎಂದು ಕೇಳಿದರೆ, ಹಲ್ಲು ಗಿಡ್ಡ ಎಂಬ ಉತ್ತರ ಸಿದ್ಧ. ಪ್ರಮಾಣ ಇಲ್ಲದಿರುವುದೇ ಇಲ್ಲಿ ಪ್ರಮಾಣವಾಗಿ ನಿಲ್ಲುತ್ತದೆ. ನಂಬಿಕೆಯ ಲೋಕದಲ್ಲಿ ಇಂಥ ರಚನೆಗಳು ಕಡಿಮೆಯಿಲ್ಲ. ಫಲ ಸಿಗಲಿಲ್ಲವೆಂದರೆ ವ್ರತದಲ್ಲಿ ಲೋಪ, ಶಾಂತಿ ಮಾಡಿಸಿಯೂ ಕಷ್ಟ ತೀರಲಿಲ್ಲವೆಂದರೆ ದೋಷ ಇನ್ನೂ ಆಳದ್ದು. ಎಲ್ಲ ನಂಬಿಕೆಯೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದೂ ಪರೀಕ್ಷಿಸದೆ ಹೊರಿಸಿದ ಇನ್ನೊಂದು ವಿಷವಾದೀತು. ಯಾವುದು ಹೀಗಿದೆ, ಯಾವುದು ಹೀಗಿಲ್ಲ ಎಂದು ಬೇರ್ಪಡಿಸುವುದು ಸಾಧ್ಯ, ಮತ್ತು ನಮ್ಮ ಗ್ರಂಥಗಳಲ್ಲಿ ಜೇಡವೇ ಬರುವ ಎರಡು ಸ್ಥಳಗಳು ಆ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ.

ಒಂದು ಸುಶ್ರುತ ಸಂಹಿತೆಯ ಕಲ್ಪಸ್ಥಾನದ ಲೂತಾ ಪ್ರಕರಣ. ಲೂತೆ ಎಂದರೆ ಜೇಡ. ವಿಶ್ವಾಮಿತ್ರ ವಸಿಷ್ಠರ ಹಸುವನ್ನು ಕಸಿಯಹೋದಾಗ ಸಿಟ್ಟಿಗೆದ್ದ ವಸಿಷ್ಠರ ಹಣೆಯ ಬೆವರು ಹಸುವಿಗಾಗಿ ಕೊಯ್ದಿಟ್ಟ ಹುಲ್ಲಿನ ಮೇಲೆ ಬಿದ್ದು ಜೇಡಗಳು ಹುಟ್ಟಿದವು ಎಂದು ಅಲ್ಲಿ ಕಥೆ. ಋಷಿಯ ಕೋಪವೇ ವಿಷವಾಯಿತು. ಲೂತೆಗಳಲ್ಲಿ 16 ಬಗೆ, ಅರ್ಧ ಕಷ್ಟಸಾಧ್ಯ, ಅರ್ಧ ಅಸಾಧ್ಯ. ಜೊಲ್ಲು, ಉಗುರು, ಮೂತ್ರ, ದಾಡೆ ಎಂದು ಏಳು ದಾರಿಗಳಿಂದ ವಿಷ ಬರುತ್ತದೆ ಎಂದೂ ಇದೆ. ಜೇಡ ಮೈಮೇಲೆ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತದೆ ಎಂದು ಇಂದಿಗೂ ಜನ ಹೇಳುವ ಮಾತಿನ ಹಿಂದೆ ಈ ಹಳೆಯ ಪಟ್ಟಿಯ ನೆರಳು ಇದ್ದೀತು. ಜೇಡದ ವಿಸರ್ಜನೆ ಬಿಳಿಯ ಪುಡಿಯಂಥ ವಸ್ತು, ಅದರಿಂದ ಗುಳ್ಳೆ ಏಳುವುದಿಲ್ಲ. ಗುಳ್ಳೆಗಳ ನಿಜವಾದ ಕಾರಣಗಳಲ್ಲಿ ಒಂದು ಪೀಡರಸ್ ಎಂಬ ಕಪ್ಪು ಕಿತ್ತಳೆ ಬಣ್ಣದ ಚಿಕ್ಕ ಹುಳ. ಗದ್ದೆಬಯಲಿನದು, ಮಳೆಗಾಲದಲ್ಲಿ ದೀಪಕ್ಕೆ ಬರುತ್ತದೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ನಿದ್ದೆಗಣ್ಣಿನಲ್ಲಿ ಕೈಯಿಂದ ಒರೆಸಿ ಜಜ್ಜಿದಾಗ ಅದರ ಮೈಯೊಳಗಿನ ರಸ ಚರ್ಮಕ್ಕೆ ತಾಗಿ, ಒಂದೆರಡು ದಿನದಲ್ಲಿ ಗೀರಿನಂತೆ ಉರಿಯ ಗುಳ್ಳೆಗಳ ಸಾಲು ಏಳುತ್ತದೆ. ಹುಳ ಅಷ್ಟರಲ್ಲಿ ಮಾಯ, ಗೋಡೆಯ ಮೇಲಿನ ಜೇಡ ಮಾತ್ರ ಕಣ್ಣೆದುರು. ಇನ್ನೊಂದು ಕಾರಣ ನಾವು ಸರ್ಪಸುತ್ತು ಎನ್ನುವ ವೈರಸ್ಸಿನ ರೋಗ. ಅದನ್ನು ಜೇಡದ ಲೆಕ್ಕಕ್ಕೋ ಹಾವಿನ ಲೆಕ್ಕಕ್ಕೋ ಹಾಕಿ ದಿನ ಕಳೆದರೆ ನಷ್ಟ ರೋಗಿಗೇ, ಏಕೆಂದರೆ ಅದರ ಔಷಧ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಗುಣ. ಸುಶ್ರುತದ ಶಸ್ತ್ರಚಿಕಿತ್ಸೆಯ ಭಾಗಗಳನ್ನು ಓದಿದವರಿಗೆ ಆ ಗ್ರಂಥ ಎಷ್ಟು ಸೂಕ್ಷ್ಮವಾಗಿ ನೋಡಬಲ್ಲದು ಎಂದು ಗೊತ್ತು. ಲೂತೆಯ ವಿಷಯದಲ್ಲಿ ಮಾತ್ರ ನೋಟಕ್ಕಿಂತ ಮುಂಚೆ ಕಥೆ ಬಂದು ಕೂತಿತು.

ಎರಡನೆಯ ಸ್ಥಳ ಉಪನಿಷತ್ತು. ಮುಂಡಕದಲ್ಲಿ ಊರ್ಣನಾಭಿ, ಅಂದರೆ ಜೇಡ, ನೂಲನ್ನು ತನ್ನಿಂದಲೇ ಹೊರಬಿಟ್ಟು ಮತ್ತೆ ಒಳಗೆ ತೆಗೆದುಕೊಳ್ಳುವುದು ಅಕ್ಷರದಿಂದ, ಅಂದರೆ ನಾಶವಿಲ್ಲದ ಬ್ರಹ್ಮದಿಂದ, ಜಗತ್ತು ಹುಟ್ಟುವುದಕ್ಕೆ ಹೋಲಿಕೆ. ಬೃಹದಾರಣ್ಯಕ, ಶ್ವೇತಾಶ್ವತರಗಳಲ್ಲೂ ಜೇಡ ಬರುತ್ತದೆ, ಭಾಗವತದ ಹನ್ನೊಂದನೆಯ ಸ್ಕಂಧದ ಅವಧೂತ ತನ್ನ 24 ಗುರುಗಳಲ್ಲಿ ಅದನ್ನೂ ಎಣಿಸುತ್ತಾನೆ. ಇಲ್ಲಿ ವಿಷದ ಸುದ್ದಿಯೇ ಇಲ್ಲ, ಯಾರೋ ಕುಳಿತು ನೋಡಿದ್ದಾರೆ. ಎಷ್ಟು ಸರಿಯಾಗಿ ನೋಡಿದ್ದಾರೆ ಎಂಬುದನ್ನು ಇಂದು ಅಳೆಯಬಹುದು. ತೋಟದಲ್ಲಿ ಚಕ್ರದಂಥ ಬಲೆ ಕಟ್ಟುವ ಜೇಡಗಳಲ್ಲಿ ಹಲವು ಹಳೆಯ ಬಲೆಯನ್ನು ತಾವೇ ತಿಂದು ಹೊಸತು ನೇಯುತ್ತವೆ. 1971ರಲ್ಲಿ ಪೀಕಲ್ ಎಂಬ ವಿಜ್ಞಾನಿ ವಿಕಿರಣದ ಗುರುತು ಹಾಕಿ ನೋಡಿದಾಗ ತಿಂದ ನೂಲಿನ ಪ್ರೋಟೀನಿನ ಬಹುಪಾಲು ಮುಂದಿನ ಬಲೆಯಲ್ಲೇ ಸಿಕ್ಕಿತು. ಬಿಡುವುದೂ ನಿಜ, ಒಳತೆಗೆದುಕೊಳ್ಳುವುದೂ ನಿಜ. ಆದರೆ ನಮ್ಮ ಮಾಡಿನ ಮೂಲೆಯ ಉದ್ದಕಾಲಿನ ಜೇಡ ಹಾಗೆ ಮಾಡುವುದಿಲ್ಲ. ಅದು ಹಳೆಯ ಬಲೆಯನ್ನು ಬಹುಕಾಲ ಇಟ್ಟುಕೊಂಡು ಅದಕ್ಕೇ ನೂಲು ಸೇರಿಸುತ್ತ ಹೋಗುತ್ತದೆ. ಧೂಳು ಮಸಿ ಹಿಡಿದು ಜೋತುಬೀಳುವುದು ಅದೇ. ಕಾಡಿನ ಒಪಿಲಿಯೋನಿಸಿಗಂತೂ ಬಿಡಲು ನೂಲೇ ಇಲ್ಲ. ಉಪನಿಷತ್ತಿನ ಋಷಿ ಕಂಡದ್ದು ಚಕ್ರಬಲೆಯ ಜೇಡವನ್ನೇ ಇರಬೇಕು. ಒಂದು ಹೋಲಿಕೆ ಒಂದು ಜೇಡಕ್ಕೆ ಪೂರ್ತಿ ಒಪ್ಪಿತು, ಇನ್ನೊಂದಕ್ಕೆ ಅರ್ಧ, ಮೂರನೆಯದಕ್ಕೆ ಇಲ್ಲವೇ ಇಲ್ಲ.

ಹಾಗಾದರೆ ಸಿದ್ಧಾಂತ ಕುಸಿಯಿತೇ ಎಂದು ಕೇಳುವವರಿಗೆ ಶಂಕರರು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ, ಸಾಧನಗಳಿಲ್ಲದ ಬ್ರಹ್ಮ ಹೇಗೆ ಜಗತ್ತನ್ನು ಸೃಷ್ಟಿಸೀತು ಎಂಬ ಆಕ್ಷೇಪಕ್ಕೆ ಅವರು ಮುಂದಿಡುವ ಲೋಕದ ಉದಾಹರಣೆಗಳಲ್ಲಿ ನೂಲು ಬಿಡುವ ಜೇಡ, ಗುಡುಗು ಕೇಳಿ ಗರ್ಭ ಧರಿಸುವ ಬಲಾಕ ಪಕ್ಷಿ, ಕೆರೆಯಿಂದ ಕೆರೆಗೆ ಹೋಗುವ ತಾವರೆ ಇವೆ. ಆಕ್ಷೇಪ ಎತ್ತಿದ ಪೂರ್ವಪಕ್ಷಿ ಸುಮ್ಮನಾಗುವುದಿಲ್ಲ. ಜೇಡ ಸಣ್ಣ ಜಂತುಗಳನ್ನು ತಿಂದು ಅದರ ಜೊಲ್ಲು ಗಟ್ಟಿಯಾಗಿ ನೂಲಾಗುತ್ತದೆ, ಅಲ್ಲೂ ಸಾಧನ ಇದ್ದೇ ಇದೆಯಲ್ಲ ಎನ್ನುತ್ತಾನೆ. ಕುಂಬಾರನಿಗೆ ಬೇಕಾದಂಥ ಹೊರಗಿನ ಸಲಕರಣೆ ಎಲ್ಲರಿಗೂ ಬೇಕಿಲ್ಲ ಎಂಬಷ್ಟನ್ನೇ ಉದಾಹರಣೆ ಹೇಳಬೇಕಾಗಿತ್ತು, ಅದಕ್ಕಿಂತ ಹೆಚ್ಚಿನದನ್ನು ಅದರ ಮೇಲೆ ಹೇರಬೇಡ ಎಂಬುದು ಶಂಕರರ ಉತ್ತರದ ಸಾರ. ಆ ಪೂರ್ವಪಕ್ಷಿಯ ಮೇಲೆ ನನಗೆ ಬಹಳ ಗೌರವ. ನೂಲು ಜೊಲ್ಲಲ್ಲ, ಹೊಟ್ಟೆಯ ಗ್ರಂಥಿಗಳಲ್ಲಿ ದ್ರವವಾಗಿದ್ದು ಎಳೆಯುವಾಗ ಗಟ್ಟಿಯಾಗುವ ಪ್ರೋಟೀನು. ಆದರೆ ತಿಂದ ಹುಳವೇ ನೂಲಾಗುತ್ತದೆ ಎಂಬ ಮುಖ್ಯ ಮಾತು ಸರಿ. ಬಲಾಕದ ಗರ್ಭದ ವಿಷಯದಲ್ಲಿ ಎರಡು ಕಡೆಯವರೂ ತಪ್ಪಿದ್ದರು, ಆದರೂ ವಾದ ಮುರಿಯಲಿಲ್ಲ, ಏಕೆಂದರೆ ಅದರ ಭಾರವನ್ನೆಲ್ಲ ಹಕ್ಕಿಯ ಮೇಲೆ ಹಾಕಿರಲಿಲ್ಲ. ಉಡುಪಿಯ ದ್ವೈತಿಗಳು ಇದೇ ಜೇಡವನ್ನು ಬೇರೆ ಕಡೆಗೆ ಓದುತ್ತಾರೆ. ದೇವರು ಜಗತ್ತಿಗೆ ಮಡಕೆಗೆ ಕುಂಬಾರನಂತೆ ನಿಮಿತ್ತಕಾರಣ ಮಾತ್ರ ಎನ್ನುವ ಅವರಿಗೆ ಜೇಡದ ಚೇತನ ನೂಲಾಗುವುದಿಲ್ಲ, ಅದರೊಳಗಿನ ಜಡವಷ್ಟೇ ನೂಲಾಗುತ್ತದೆ. ಕೊಲ್ಲೂರಿನ ಸನ್ನಿಧಿಗೆ ಶಂಕರರ ಹೆಸರು ಅಂಟಿದೆ, ಉಡುಪಿಯ ಬಳಿಯ ಪಾಜಕದಲ್ಲಿ ಮಧ್ವರು ಹುಟ್ಟಿದರು. ಈ ಎರಡರ ನಡುವಿನ ಸೀಮೆಯಲ್ಲಿ ಜೇಡದ ನೂಲು ಎಲ್ಲಿಂದ ಬರುತ್ತದೆ ಎಂಬುದು ಶತಮಾನಗಳಿಂದ ಮೋಕ್ಷಕ್ಕೆ ಸಂಬಂಧಪಟ್ಟ ಚರ್ಚೆ.

ಎದ್ದೇಳುವ ದೊಡ್ಡ ಆಕ್ಷೇಪ ಇದು: ಜೇಡದ ವಿಷವನ್ನು ಹೀಗೆ ಪರೀಕ್ಷೆಗೆ ಹಚ್ಚಿದರೆ ನಾಳೆ ದೇವರನ್ನೂ ಹಚ್ಚುತ್ತೀರಿ, ಶ್ರದ್ಧೆಗೆ ಜಾಗವೇ ಉಳಿಯದು. ಈ ಭಯ ಪ್ರಾಮಾಣಿಕವಾದದ್ದು, ಆದರೆ ಅದಕ್ಕೆ ಆಚಾರ್ಯರೇ ಬೇಲಿ ಹಾಕಿಟ್ಟಿದ್ದಾರೆ. ಬೆಂಕಿ ತಂಪು ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬ ಅರ್ಥದ ಮಾತನ್ನು ಶಂಕರರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಆಡಿದ್ದಾರೆ. ಕಣ್ಣಿಗೆ ಸಿಗದ ವಿಷಯ ಶ್ರುತಿಯ ಕ್ಷೇತ್ರ, ಕಣ್ಣಿಗೆ ಸಿಗುವುದು ಕಣ್ಣಿನದು. ಮಧ್ವ ಪರಂಪರೆಯಲ್ಲಿ ಪ್ರತ್ಯಕ್ಷ ಉಪಜೀವ್ಯ. ಆಗಮ ಅದನ್ನು ಆಶ್ರಯಿಸಿಯೇ ಮಾತಾಡಬೇಕಾದ್ದರಿಂದ ಅದನ್ನು ಅಲ್ಲಗಳೆಯಲಾರದು. ಎಷ್ಟೋ ವಿಷಯಗಳಲ್ಲಿ ಜಗಳವಾಡಿದ ಎರಡು ದರ್ಶನಗಳು ಇಷ್ಟರಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿವೆ. ಜೇಡದ ಹಲ್ಲಿನ ಉದ್ದ, ವಿಷದ ಬಲ, ಗುಳ್ಳೆಯ ಕಾರಣ ಇವೆಲ್ಲ ಕಣ್ಣಿನ ಕ್ಷೇತ್ರ. ಅಲ್ಲಿ ತಪ್ಪನ್ನು ಉಳಿಸಿಕೊಂಡರೆ ಶ್ರದ್ಧೆಗೆ ಯಾವ ಲಾಭವೂ ಇಲ್ಲ. ಬ್ರಹ್ಮ ಜಗತ್ತಿಗೆ ಮಣ್ಣಿನಂತೆ ಉಪಾದಾನವೋ ಕುಂಬಾರನಂತೆ ನಿಮಿತ್ತವೋ ಎಂಬುದನ್ನು ಯಾವ ಸೂಕ್ಷ್ಮದರ್ಶಕವೂ ತೀರ್ಮಾನಿಸದು. ಈ ಬೇಲಿಯನ್ನು ಇಂದಿನ ಕನ್ನಡದಲ್ಲಿ ತಿಳಿದು ನಡೆದವರು ಈ ನೆಲದವರೇ ಆದ ಕೋಟ ಶಿವರಾಮ ಕಾರಂತರು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದು ಮಕ್ಕಳ ಕೈಗೆ ಲೋಕದ ಸಂಗತಿಗಳನ್ನು ಇಟ್ಟರು. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಹಳ್ಳಿಯ ಮುದುಕಿಯೊಬ್ಬಳ ಬಾಯಿಂದ ದೇವರ ಬಗ್ಗೆಯೇ ಪ್ರಶ್ನೆ ಕೇಳಿಸಿದರು. ಅದನ್ನೂ ಈ ಸೀಮೆ ತನ್ನದೇ ದನಿ ಎಂದು ಒಪ್ಪಿಕೊಂಡಿತು.

ಇನ್ನೊಂದು ಆಕ್ಷೇಪ ವ್ಯವಹಾರದ್ದು. ವಿಷ ಇದೆ ಎಂದು ನಂಬಿದರೆ ಮಕ್ಕಳು ದೂರ ಇರುತ್ತಾರೆ, ಸುಳ್ಳಾದರೂ ನಷ್ಟವೇನು? ನಷ್ಟ ಇದೆ. ಭಯಕ್ಕೂ ಒಂದು ಮಿತಿಯಿದೆ, ತಪ್ಪು ಕಡೆ ಖರ್ಚಾದದ್ದು ಸರಿಯಾದ ಕಡೆ ಉಳಿಯುವುದಿಲ್ಲ. 2000ದಿಂದ 2019ರ ನಡುವಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಉದ್ದಕಾಲಿನ ಜೇಡದಿಂದ ಸತ್ತವರು ಒಬ್ಬರೂ ಇಲ್ಲ. ಆದರೆ ನಮ್ಮ ಸೀಮೆ ನಾಗನನ್ನು ಹೇಗೆ ಕಂಡಿದೆ ನೋಡಿ. ಅವನಿಗೆ ಬನ ಬಿಟ್ಟಿದ್ದೇವೆ, ಅಲ್ಲಿಯ ಸೊಪ್ಪು ಕಡಿಯುವುದಿಲ್ಲ, ನಾಗರಪಂಚಮಿಗೆ ತನು ಎರೆಯುತ್ತೇವೆ, ನಾಗಮಂಡಲ ಬರೆಸುತ್ತೇವೆ. ನಿಜವಾಗಿ ಕೊಲ್ಲಬಲ್ಲ ಪ್ರಾಣಿಯ ಜೊತೆ ಭಯ, ಗೌರವ, ದೂರ ಮೂರನ್ನೂ ಇಟ್ಟುಕೊಂಡು ಬಾಳುವ ಒಂದು ದಾರಿಯನ್ನು ಹಿರಿಯರು ಕಂಡುಕೊಂಡಿದ್ದರು. ಅದರ ವಿಷ ಎಲ್ಲಿದೆ, ಏನು ಮಾಡುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಆ ತಿಳಿವಳಿಕೆಯ ಮೇಲೆಯೇ ಆ ಗೌರವ ನಿಂತಿತ್ತು. ಏನೂ ಮಾಡದ ಜೇಡಕ್ಕೆ ಆ ಅದೃಷ್ಟ ಬರಲಿಲ್ಲ. ಇಲ್ಲದ ವಿಷ ಹೊರಿಸಿದ ಕೂಡಲೇ ಹೊಡೆಯಲು ಕಾರಣ ಸಿಕ್ಕಿತು. ಸುಳ್ಳು ಮೊದಲು, ಹಿಂಸೆ ಆಮೇಲೆ. ಎರಡನ್ನೂ ಬೇರೆ ಬೇರೆ ದೋಷವೆಂದು ಎಣಿಸುವುದು ನನಗೆ ಸರಿ ಕಾಣುವುದಿಲ್ಲ. ಬನವನ್ನು ಕಡಿದು ಸಿಮೆಂಟಿನ ಕಟ್ಟೆ ಕಟ್ಟಿದಲ್ಲೆಲ್ಲ ನಾಗನ ಕಲ್ಲು ಉಳಿಯಿತು, ನಾಗನ ಜೊತೆಗಿದ್ದ ನೂರಾರು ಸಣ್ಣ ಜೀವಗಳ ನೆಲೆ ಹೋಯಿತು. ಆಗಲೂ ನಮ್ಮಲ್ಲಿ ಯಾರಿಗೂ ಪಾಪಪ್ರಜ್ಞೆ ಕಾಡಲಿಲ್ಲ, ಏಕೆಂದರೆ ಅವು ಯಾವುವೆಂದೇ ನಮಗೆ ಗೊತ್ತಿರಲಿಲ್ಲ.

ಜೇಡವೇ ಹಿಂಸಕ ಪ್ರಾಣಿ, ತನ್ನ ಜಾತಿಯ ಹತ್ತಿರದವುಗಳನ್ನೇ ತಿನ್ನುತ್ತದೆ, ಅದಕ್ಕೇಕೆ ಅಹಿಂಸೆಯ ಲೆಕ್ಕ ಎಂದು ಕೇಳುವವರೂ ಇದ್ದಾರೆ. ಅಹಿಂಸೆ ವ್ರತವಾಗುವುದು ಬೇರೆ ದಾರಿ ಇರುವವನಿಗೆ. ಜೇಡಕ್ಕೆ ಬೇರೆ ಊಟ ಇಲ್ಲ, ಹಾಗಾಗಿ ಅದರ ಮೇಲೆ ಹೊಣೆಯೂ ಇಲ್ಲ. ಹೊಣೆ ಇರುವುದು ಆಯ್ಕೆ ಮಾಡಬಲ್ಲ ನಮ್ಮ ಮೇಲೆ. ಇದನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಯೋಚಿಸಿದವರು ಜೈನರು. ಬ್ರಹ್ಮಾವರ ತಾಲ್ಲೂಕಿನ ಬಾರ್ಕೂರು ಒಂದು ಕಾಲಕ್ಕೆ ಆಳುಪರ ರಾಜಧಾನಿ, ಅಲ್ಲಿಯ ಕತ್ತಲೆ ಬಸದಿ ಜೈನರ ಕಾಲವನ್ನು ಇಂದಿಗೂ ಹೇಳುತ್ತಿದೆ. ಜೀವಗಳನ್ನು ಜೈನರು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸಿದರು, ಒಂದಿಂದ ಐದರ ತನಕ. ದುಂಬಿ ಚೇಳುಗಳು ನಾಲ್ಕು ಇಂದ್ರಿಯದವು. ಇಂದಿನ ಶಾಸ್ತ್ರಕ್ಕೆ ಆ ಪಟ್ಟಿ ಪೂರ್ತಿ ಒಪ್ಪುವುದಿಲ್ಲ. ಉದ್ದಕಾಲಿನ ಜೇಡದ ದೃಷ್ಟಿ ಮಂದ, ನೂಲಿನ ಅದುರಿನಲ್ಲೇ ಅದರ ಲೋಕ ಇದೆ. ಕಾಡಿನ ಒಪಿಲಿಯೋನಿಸ್ ತನ್ನ ಎರಡನೆಯ ಜೊತೆ ಕಾಲುಗಳಿಂದ ತಡವಿ ತಡವಿ ದಾರಿ ಅರಿಯುತ್ತದೆ. ಐದು ಇಂದ್ರಿಯದ ಪಟ್ಟಿಯಲ್ಲಿ ಇವುಗಳಿಗೆ ನೇರವಾದ ಮನೆ ಇಲ್ಲ. ಆದರೆ ಒಂದು ಜೀವಕ್ಕೆ ಏನು ಗೊತ್ತಾಗುತ್ತದೆ, ಏನು ನೋಯುತ್ತದೆ ಎಂದು ಮೊದಲು ವಿಚಾರಿಸಿ ಆಮೇಲೆ ಅದರ ಜೊತೆಗಿನ ನಡತೆಯನ್ನು ನಿಶ್ಚಯಿಸಬೇಕು ಎಂಬ ಅವರ ಕ್ರಮ ನನಗೆ ಧರ್ಮದ ಇತಿಹಾಸದಲ್ಲೇ ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ. ಸಣ್ಣ ಜೀವಗಳನ್ನು ನೋಯಿಸದೆ ಸರಿಸಲು ದಿಗಂಬರ ಮುನಿ ಹಿಡಿಯುವ ನವಿಲುಗರಿಯ ಪಿಂಛಿ ಅದೇ ವಿಚಾರದಿಂದ ಬಂದ ಉಪಕರಣ.

ಹಾಗೆಂದು ಮನೆಯ ಬಲೆ ತೆಗೆಯಬಾರದೇ? ತೆಗೆಯಬೇಕು, ಈ ವಾದ ಕಸದ ಪರವಾಗಿಲ್ಲ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಮಸಿ, ಬೂಸ್ಟು, ಬಲೆ ಒಟ್ಟಿಗೆ ಹಬ್ಬುತ್ತವೆ, ಹಬ್ಬದ ಮುಂಚೆ ಹಿಡಿಸೂಡಿಯನ್ನು ಉದ್ದದ ಕೋಲಿಗೆ ಕಟ್ಟಿ ಮಾಡು ಗುಡಿಸುವುದು ತಪ್ಪದ ಕೆಲಸ. ಬಲೆ ಕೊಳೆಯೋ ಸೇವೆಯೋ ಎಂಬ ಪ್ರಶ್ನೆ ಪುರಾಣಕ್ಕೂ ಹೊಸದಲ್ಲ. ಶ್ರೀಕಾಳಹಸ್ತಿಯಲ್ಲಿ ಶಿವಲಿಂಗಕ್ಕೆ ಬಲೆಯ ಮಂಟಪ ನೇಯ್ದ ಜೇಡಕ್ಕೆ ಮುಕ್ತಿ ಸಿಕ್ಕಿತು, ಆ ಕ್ಷೇತ್ರದ ಹೆಸರಿನ ಮೊದಲಿಗೇ ‘ಶ್ರೀ’ಯಾಗಿ ಅದು ಸೇರಿತು. ತಿರುವಾನೈಕಾವಲಿನ ಕಥೆಯಲ್ಲಿ ಜೇಡ ಲಿಂಗಕ್ಕೆ ನೆರಳೆಂದು ಕಟ್ಟಿದ್ದನ್ನು ಆನೆ ಕೊಳೆಯೆಂದು ತೊಳೆಯಿತು, ಇಬ್ಬರೂ ಭಕ್ತರೇ. ಆನೆಗೆ ಜೇಡದ ಕಡೆಯ ಅರಿವಿರಲಿಲ್ಲ, ಜೇಡಕ್ಕೆ ಆನೆಯ ಕಡೆಯದು ಗೊತ್ತಿರಲಿಲ್ಲ; ಕಾದಾಡಿ ಇಬ್ಬರೂ ಸತ್ತರು. ನಮಗೆ ಎರಡೂ ಕಡೆ ತಿಳಿಯುವ ಅನುಕೂಲ ಇದೆ. ಈ ಜೇಡದ ಹೆಣ್ಣು ಮೊಟ್ಟೆಗಳನ್ನು ಎಲ್ಲೋ ಅಂಟಿಸಿ ಹೋಗುವುದಿಲ್ಲ, ನಾಲ್ಕಾರು ಎಳೆ ನೂಲಿನಲ್ಲಿ ಕಟ್ಟಿ ಮರಿ ಒಡೆಯುವ ತನಕ ದವಡೆಯಲ್ಲೇ ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಕಚ್ಚಲು ಬಾಯಿಯೇ ಬಿಡುವಿಲ್ಲ. ಗುಡಿಸುವವರು ಸೂಡಿಯ ತುದಿಯನ್ನು ಬಲೆಗೆ ತಾಗಿಸಿ ಅದನ್ನು ಹೊರಗೆ ಸೌದೆಯ ಕೊಟ್ಟಿಗೆಯಲ್ಲೋ ಹಟ್ಟಿಯ ಮಾಡಿನಲ್ಲೋ ಬಿಟ್ಟರೆ ಮನೆಯೂ ಚೊಕ್ಕ, ಜೀವವೂ ಉಳಿಯಿತು, ಹಟ್ಟಿಯ ಸೊಳ್ಳೆಗೂ ಒಂದು ತಡೆ. ಇದಕ್ಕೆ ಬೇಕಾಗಿರುವುದು ಸಾಮಾನ್ಯವಾಗಿ ಕಚ್ಚುವುದಿಲ್ಲ, ಕಚ್ಚಿದರೂ ಅಪಾಯವಿಲ್ಲ ಎಂಬ ಒಂದು ಸಂಗತಿ ಮಾತ್ರ, ಅದನ್ನು ಮಕ್ಕಳಿಗೆ ಹೇಳಲು ಒಂದು ನಿಮಿಷ ಸಾಕು.